ಮಗ್ಗ ನಿಂತ ಮಧ್ಯಾಹ್ನ

ಈ ಕಾಯಿಲೆಗೆ ನಾನು ಒಳ್ಳೆಯ ಸಾಕ್ಷಿಯಲ್ಲ. ನಡೆದದ್ದೆಲ್ಲ ನನ್ನ ದೇಹದಲ್ಲೇ ಆದರೂ ನಡೆಯುವಾಗ ನಾನು ನಿದ್ದೆಯಲ್ಲಿದ್ದೆ. ಹಾಗಾಗಿ ಪತ್ರಿಕೆಯ ಕೆಲಸದಲ್ಲಿ ಕಲಿತ ಹಾಗೆ, ಕಂಡವರನ್ನು ಬೇರೆ ಬೇರೆಯಾಗಿ ಕೂರಿಸಿಕೊಂಡು ಕೇಳಿದೆ. ಅವರ ಹೇಳಿಕೆಗಳು ಹೊಂದಿದಷ್ಟನ್ನು ಇಲ್ಲಿ ಬರೆದಿದ್ದೇನೆ. ಹೊಂದದ ಕಡೆ ಹೊಂದಲಿಲ್ಲ ಎಂದೇ ಬರೆದಿದ್ದೇನೆ.

ಎಪ್ಪತ್ತರ ದಶಕದ ಕೊನೆಯಿಂದ ನಾನು ಬಾದಾಮಿಯಲ್ಲಿ ಮನೆ ಮಾಡಿಕೊಂಡು ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಬಾದಾಮಿ, ಹುನಗುಂದ ತಾಲ್ಲೂಕುಗಳು ನನ್ನ ಪಾಲಿಗೆ. ಬಾಗಲಕೋಟೆ ಆಗಿನ್ನೂ ವಿಜಾಪುರ ಜಿಲ್ಲೆಯಲ್ಲಿತ್ತು. ದಿನದ ಅರ್ಧ ಬಸ್ಸಿನಲ್ಲೇ ಕಳೆಯುತ್ತಿತ್ತು, ಆ ಅರ್ಧದಲ್ಲಿ ಬಹುಪಾಲು ನಾನು ನಿದ್ದೆ ಮಾಡುತ್ತಿದ್ದೆ. ಕುಳಗೇರಿ ಕ್ರಾಸ್‌ನಲ್ಲಿ ಇಳಿಯಬೇಕಾದವನು ಎಷ್ಟೋ ಸಲ ಮುಂದಿನ ಊರಿಗೆ ಹೋಗಿ ಮರಳಿ ಬಂದಿದ್ದೇನೆ. ಕಡೆಕಡೆಗೆ ಕಂಡಕ್ಟರುಗಳೇ ಭುಜ ಅಲುಗಾಡಿಸಿ ಇಳಿಸುತ್ತಿದ್ದರು. ತಾಲ್ಲೂಕು ಸಭೆಗಳಲ್ಲಿ ಭಾಷಣ ಶುರುವಾಗುವ ಮೊದಲೇ ನನ್ನ ಗದ್ದ ಎದೆಗೆ ಹತ್ತುತ್ತಿತ್ತು. ಬೆಳಿಗ್ಗೆ ಏಳುವಾಗ ತಲೆ ಕಲ್ಲಿನಂತೆ ಭಾರ. ವಯಸ್ಸು ಇನ್ನೂ ನಲವತ್ತರ ಒಳಗೆ. ಮೈ ಸ್ವಲ್ಪ ಬಂದಿತ್ತು, ಕುತ್ತಿಗೆ ದಪ್ಪ. ಇದನ್ನೆಲ್ಲ ಕಾಯಿಲೆ ಎಂದು ಯಾರೂ ಅಂದುಕೊಳ್ಳಲಿಲ್ಲ. ತಿರುಗಾಟದ ಕೆಲಸ, ದಣಿವು ಎಂದು ನಾನು ಅಂದುಕೊಂಡಿದ್ದೆ.

ನನ್ನ ಗೊರಕೆಯ ಬಗ್ಗೆ ನನ್ನ ತಾಯಿಗೆ ಹೆಮ್ಮೆಯೇ ಇತ್ತು. ಪಕ್ಕದ ಮನೆಯವರು ಗೊಣಗಿದರೆ, “ಗಂಡಸು ಮನ್ಯಾಗ ಅದಾನ ಅಂತ ಓಣಿಗೆ ಗೊತ್ತಾಗಬೇಕಲ್ಲವಾ, ಕಳ್ಳರರ ಬರೂದಿಲ್ಲ” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹೆಂಡತಿ ಗಂಗವ್ವ ಇಳಕಲ್ಲಿನ ನೇಕಾರರ ಮಗಳು. ಅವಳ ತವರಿನ ಪಡಸಾಲೆಯಲ್ಲಿ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಎರಡು ಕುಣಿಮಗ್ಗ. ಒಂದರಲ್ಲಿ ಮಾವನವರು, ಇನ್ನೊಂದರಲ್ಲಿ ಗಂಗವ್ವನ ತಮ್ಮ ಶೇಖಪ್ಪ ಕೂರುತ್ತಿದ್ದರು. ಅತ್ತೆ ಬಾಗಿಲ ಬಳಿ ರಾಟಿಯ ಮುಂದೆ ಕೂತು, ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಆ ಮನೆಯಲ್ಲೊಂದು ರೂಢಿಯಿತ್ತು. ನೇಯುವಾಗ ಮಗ್ಗದ ಉದ್ದಕ್ಕೂ ಬಿಗಿದ ಹಾಸಿನ ಎಳೆ ಹರಿಯುತ್ತದೆ, ಮಗ್ಗ ನಿಲ್ಲುತ್ತದೆ, ನೇಯುವವನು ಎಳೆ ಹುಡುಕಿ ಗಂಟು ಹಾಕಿ ಮುಂದುವರಿಸುತ್ತಾನೆ. ಮಗ್ಗದ ಸದ್ದು ನಿಂತಿತೆಂದರೆ ಒಳಮನೆಯಲ್ಲಿ ಯಾರೇ ಇರಲಿ, ಏನೇ ಮಾಡುತ್ತಿರಲಿ, ಕೂತಲ್ಲಿಂದಲೇ “ಯಾಕ?” ಎನ್ನುತ್ತಾರೆ. “ಎಳಿ ಹರೀತು” ಎಂದು ಮಗ್ಗದಿಂದ ಉತ್ತರ ಬರುತ್ತದೆ. ಅಷ್ಟೇ. ರೊಟ್ಟಿ ಬಡಿಯುವವರು ಬಡಿಯುತ್ತಲೇ ಇರುತ್ತಾರೆ. ಆ ಪ್ರಶ್ನೆ ಬಾಯಿಗೆ ಬಂದದ್ದು ಕೇಳಿದವರಿಗೇ ಗೊತ್ತಾಗುವುದಿಲ್ಲ.

ಮದುವೆಯಾದ ಮೇಲೆ ಗಂಗವ್ವ ಆ ರೂಢಿಯನ್ನು ನನ್ನ ಹಾಸಿಗೆಯ ಪಕ್ಕಕ್ಕೆ ತಂದಳು. ನನ್ನ ಗೊರಕೆ ನಡುವೆ ಒಮ್ಮೊಮ್ಮೆ ಪೂರ್ತಿ ನಿಲ್ಲುತ್ತಿತ್ತಂತೆ. ಅರೆನಿದ್ದೆಯಲ್ಲಿ ಅವಳು “ಯಾಕ್ರಿ?” ಎನ್ನುತ್ತಿದ್ದಳು. ನಾನು ಒಂದು ದೊಡ್ಡ ಉಸಿರು ಎಳೆದುಕೊಂಡು ಮತ್ತೆ ಶುರು ಮಾಡುತ್ತಿದ್ದೆ. ಅವಳಿಗೆ ಅದರಲ್ಲಿ ಹೆದರಿಕೆಯೇನೂ ಕಾಣಲಿಲ್ಲ. ನಿಲ್ಲುವುದು, ಗಂಟು ಹಾಕುವುದು, ಮುಂದುವರಿಯುವುದು ಅವಳು ಹುಟ್ಟಿದಾಗಿನಿಂದ ಕೇಳಿದ ಸದ್ದು. ಬೇರೆ ಮನೆಯ ಹೆಣ್ಣಾಗಿದ್ದರೆ ಮೊದಲ ವಾರವೇ ಗಾಬರಿಯಾಗಿ ವೈದ್ಯರ ಬಳಿ ಎಳೆದೊಯ್ಯುತ್ತಿದ್ದಳೇನೋ. ಇವಳು ವರ್ಷಗಟ್ಟಲೆ ಕೇಳುತ್ತ ಬಂದಳು, ನಾನು ಉಸಿರಾಡುತ್ತ ಬಂದೆ.

ಎಂಬತ್ತರ ದಶಕದ ಆರಂಭದ ಒಂದು ಮಳೆಗಾಲ. ಹುನಗುಂದದ ಕಡೆ ಒಂದು ಹಳ್ಳಿಯ ಎರೆ ಮಣ್ಣಿನಲ್ಲಿ ನಾವು ಹೋಗಿದ್ದ ಜೀಪು ಹೂತಿತು. ಎಲ್ಲರ ಜೊತೆ ನಾನೂ ನೂಕಿದೆ. ಸೊಂಟದ ಮೇಲೆ ಏನೋ ಕಟ್ಟೆಂದಿತು. ಆಮೇಲೆ ನೆಟ್ಟಗೆ ನಿಲ್ಲಲಾಗಲಿಲ್ಲ. ಬಾದಾಮಿ ದೂರ, ಇಳಕಲ್ಲು ಹತ್ತಿರ. ಜೀಪಿನವರು ನನ್ನನ್ನು ಮಾವನ ಮನೆಗೆ ಮುಟ್ಟಿಸಿದರು. ಗಂಗವ್ವ ಅದಾಗಲೇ ತವರಿಗೆ ಬಂದಿದ್ದಳು.

ಮರುದಿನ ಬೆಳಿಗ್ಗೆ ಪೇಟೆಯ ವೈದ್ಯರು ಬಂದು ನೋಡಿದರು. ಬೆನ್ನಿನ ಸ್ನಾಯು ಹಿಡಿದುಕೊಂಡಿದೆ, ಅದನ್ನು ಸಡಿಲಿಸಲು ಗುಳಿಗೆ ಕೊಡುತ್ತೇನೆ ಎಂದರು. ಹಾಸಿಗೆ ಬೇಡ, ಬರೀ ಹಲಗೆಯ ಮೇಲೆ ಅಂಗಾತ ಮಲಗಬೇಕು. “ಗುಳಿಗಿ ತೊಗೊಂಡ ಮ್ಯಾಲ ನಿದ್ದಿ ಬರ್ತೈತಿ, ಬರಲಿ. ಯಾರೂ ಎಬ್ಬಿಸಬ್ಯಾಡ್ರಿ” ಎಂದು ಮನೆಯವರಿಗೆ ಹೇಳಿದರು. ಬೆನ್ನು ನೋವಿಗೆ ಬಂದವನನ್ನು ಗೊರಕೆಯ ಬಗ್ಗೆ ಕೇಳುವ ಕಾಲ ಅದಲ್ಲ. ನಾವೂ ಹೇಳಲಿಲ್ಲ. ಹೇಳುವ ಸಂಗತಿ ಅದೆಂದು ಯಾರಿಗೂ ಹೊಳೆಯಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಗುಳಿಗೆ ನುಂಗಿ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಹಲಗೆಯ ಮೇಲೆ ಮಲಗಿದೆ. ಮಗ್ಗಗಳು ನಡೆಯುತ್ತಿದ್ದವು. ಅಲ್ಲಿಂದ ಮುಂದಿನದು ನಾಲ್ವರ ಹೇಳಿಕೆ.

ಮಾವನವರು ಲಾಳಿ ಕೆಳಗಿಟ್ಟು, “ಶೇಖಪ್ಪಾ, ಮಗ್ಗ ನಿಲ್ಸು. ಅಳಿಯಾರು ಮಕ್ಕೊಂಡಾರ” ಎಂದರು.

ಇದು ಸಣ್ಣ ಮಾತಲ್ಲ. ಆ ಮನೆಯಲ್ಲಿ ಹಗಲು ಮಗ್ಗ ನಿಲ್ಲುವುದು ಅಮಾವಾಸ್ಯೆಗೆ, ಇಲ್ಲವೆ ಸಾವಿಗೆ. ಅತ್ತೆಗೆ ಸರಿಬರಲಿಲ್ಲ. “ಸುಮ್ಮಸುಮ್ಮನ ಯಾಕ ನಿಲ್ಲಸ್ತೀರಿ? ಅವರು ಈ ಸಪ್ಪಳದಾಗ ಎಷ್ಟ್ ಸಲ ಮಕ್ಕೊಂಡಿಲ್ಲ?” ಎಂದರು. “ಎಬ್ಬಿಸಬ್ಯಾಡ್ರಿ ಅಂತ ಡಾಕ್ಟರ್ ಹೇಳಿಲ್ಲೇನು?” ಎಂದು ಮಾವ ಗದರಿಸಿದರು. ಎರಡೂ ಮಗ್ಗ ನಿಂತವು. ಅತ್ತೆಯ ರಾಟಿಯೂ ನಿಂತಿತು. ಅಳಿಯನಿಗೆ ಆ ಮನೆ ಅದಕ್ಕಿಂತ ದೊಡ್ಡ ಮರ್ಯಾದೆ ಮಾಡುವಂತಿರಲಿಲ್ಲ.

ಸದ್ದಡಗಿದ ಮನೆಯಲ್ಲಿ ನನ್ನ ಗೊರಕೆಯೊಂದೇ ಉಳಿಯಿತು. ಶೇಖಪ್ಪ ಹೇಳಿದನಂತೆ, “ಅಪ್ಪಾ, ಒಂದು ಮಗ್ಗ ಇನ್ನೂ ನಡದೈತಿ ನೋಡು.” ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಆಗ ಆ ಮಗ್ಗವೂ ನಿಂತಿತು.

ಗಂಗವ್ವನ ಬಾಯಿ ತೆರೆಯಿತು. ಅತ್ತೆ ತುಟಿಯ ಮೇಲೆ ಬೆರಳಿಟ್ಟರು. ಡಾಕ್ಟರ್ ಎಬ್ಬಿಸಬೇಡಿ ಎಂದಿದ್ದಾರೆ. ಗಂಗವ್ವ ಸುಮ್ಮನಾದಳು. ವರ್ಷಗಳಲ್ಲಿ ಮೊದಲ ಸಲ ಅವಳು ಕೇಳಲಿಲ್ಲ. ತುಸು ಹೊತ್ತಿಗೆ ಒಂದು ಭಾರೀ ಉಸಿರು ಬಂತು, ಮತ್ತೆ ಗೊರಕೆ ಹತ್ತಿತು, ಮತ್ತೆ ನಿಂತಿತು. ಈ ಸಲ ಮುಂಚಿಗಿಂತ ಹೆಚ್ಚು ಹೊತ್ತು. ಮಗ್ಗದ ಸದ್ದಿನಲ್ಲಿ ಮುಚ್ಚಿಹೋಗುತ್ತಿದ್ದ ಆ ಬಿಡುವನ್ನು ನಾಲ್ಕು ಜನ ನೇಕಾರರು ಮೊದಲ ಬಾರಿಗೆ ಪೂರ್ತಿಯಾಗಿ ಕೇಳಿಸಿಕೊಂಡರು. ಸದ್ದು ನಿಂತರೆ ಲೆಕ್ಕ ಹಿಡಿಯುವ ಕಿವಿಗಳು ಅವು. ಒಬ್ಬರ ಮುಖ ಒಬ್ಬರು ನೋಡಿದರು. ಎಳೆ ಕಟ್ಟಲು ಇಷ್ಟು ಹೊತ್ತು ಬೇಕಾಗುವುದಿಲ್ಲ.

ಗಂಗವ್ವ ಎದ್ದು ಒಳಗೆ ಬಂದಳು. ನನ್ನ ಎದೆ, ಹೊಟ್ಟೆ ಏರಿಳಿಯುತ್ತಿದ್ದವಂತೆ. ಮೂಗಿನ ಮುಂದೆ ಕೈ ಹಿಡಿದರೆ ಗಾಳಿ ಇಲ್ಲ. ಅದನ್ನು ಹೇಳುವಾಗ ಅವಳು ಈಗಲೂ ಕೈಯನ್ನು ಹಾಗೇ ಮುಂದೆ ಹಿಡಿಯುತ್ತಾಳೆ. ಬಾವಿಯಲ್ಲಿ ನೀರಿದೆ, ಗಾಲಿ ತಿರುಗುತ್ತಿದೆ, ಕೊಡ ಮಾತ್ರ ಮೇಲೆ ಬರುತ್ತಿಲ್ಲ, ಹಾಗಿತ್ತು ಎನ್ನುತ್ತಾಳೆ. ತುಟಿ ನೀಲಿಗೆ ತಿರುಗಿತ್ತು. ಆಮೇಲೆ ಎದೆಯ ಏರಿಳಿತವೂ ಸಣ್ಣದಾಗತೊಡಗಿತು.

“ಯಾಕ್ರಿ?” ಎಂದಳು. ಉತ್ತರವಿಲ್ಲ. “ಯಾಕ್ರಿ!” ಎಂದು ಕೂಗಿದಳು. ಆ ಕೂಗು ಓಣಿಯ ಕೊನೆಗೆ ಕೇಳಿತೆಂದು ನೆರೆಯವರು ಹೇಳಿದರು. ಪ್ರತಿಸಲ ಉತ್ತರ ಕೊಡುತ್ತಿದ್ದ ದೇಹ ಈ ಸಲ ಕೊಡಲಿಲ್ಲ. ಮಾವ ಮತ್ತು ಶೇಖಪ್ಪ ಕಂಕುಳಿಗೆ ಕೈಹಾಕಿ ನನ್ನನ್ನು ಎತ್ತಿ ಕೂರಿಸಿದರು. ಅತ್ತೆ ಮುಖಕ್ಕೆ ನೀರು ಎರಚಿದರು. ಮೊದಲು ಕಣ್ಣು ತೆರೆಯಿತು ಎಂದು ಅತ್ತೆ ಹೇಳುತ್ತಾರೆ, ಮೊದಲು ಉಸಿರು ಬಂತು ಎಂದು ಗಂಗವ್ವ. ಇಲ್ಲಿ ಹೇಳಿಕೆ ಹೊಂದುವುದಿಲ್ಲ.

ನನ್ನ ನೆನಪು ಅಲ್ಲಿಂದ ಶುರುವಾಗುತ್ತದೆ. ಬಗ್ಗಿದ ನಾಲ್ಕು ಮುಖಗಳು. ಹಗಲಿನ ಬೆಳಕು. ಮಗ್ಗದ ಸದ್ದಿಲ್ಲ. ಅಮಾವಾಸ್ಯೆಯಲ್ಲದ ಹಗಲು ಮಗ್ಗ ನಿಂತಿದೆ ಎಂದರೆ ಅರ್ಥ ಒಂದೇ. ನಾಲಗೆ ದಪ್ಪವಾಗಿತ್ತು, ಆದರೂ ಕೇಳಿದೆ, “ಯಾರು ಹೋದ್ರು?”

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಶೇಖಪ್ಪ ಹೇಳಿದ, “ಹೋಗಿದ್ದವರು ಬಂದ್ರು ಬಿಡ್ರಿ, ಮಾಮಾ.”

ಪೇಟೆಯ ವೈದ್ಯರು ಓಡಿಬಂದರು. ನಡೆದದ್ದನ್ನು ಕೇಳಿ ಗುಳಿಗೆಗಳನ್ನು ತಾವೇ ಜೇಬಿಗೆ ಹಾಕಿಕೊಂಡರು. “ಇದು ನನಗ ತಿಳಿಯೂ ಹಂಗಿಲ್ಲ. ಬಾಗಲಕೋಟಿಗೆ ಹೋಗೂಣು, ನಾನೂ ಬರ್ತೇನಿ. ಗುಳಿಗಿ ಅಮಲು ಇಳಿಯೂತನಕ ಮಲಗಿಸಬ್ಯಾಡ್ರಿ, ನಿದ್ದಿ ಮಾಡಗೊಡಬ್ಯಾಡ್ರಿ” ಎಂದರು. ತಿಳಿಯುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ, ಕಾಯುತ್ತಿದ್ದ ರೋಗಿಗಳನ್ನು ಬಿಟ್ಟು ಕಾರು ಹತ್ತಿದ ಆ ವೈದ್ಯರ ಮೇಲಿನ ನನ್ನ ಗೌರವ ಅಂದಿನಿಂದ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಬಾಡಿಗೆ ಕಾರಿನಲ್ಲಿ ಗಂಗವ್ವ ಒಂದು ಕಡೆ, ಶೇಖಪ್ಪ ಇನ್ನೊಂದು ಕಡೆ, ನಡುವೆ ನಾನು. ನನ್ನನ್ನು ಎಚ್ಚರವಾಗಿಡುವ ಕೆಲಸ ಶೇಖಪ್ಪನದು. ಅವನು ಆರಿಸಿಕೊಂಡ ದಾರಿ ಜಗಳ.

“ಮಾಮಾ, ನಮ್ಮ ಓಣಿ ನಳಕ್ಕ ನೀರು ಬರವಲ್ದು ಅಂತ ನಿಮಗ ಹೇಳಿದ್ನಲ್ಲ, ಪೇಪರಿನ್ಯಾಗ ಯಾಕ ಬರಲಿಲ್ಲ?”

“ಕಳಿಸಿದ್ದೆ. ಅವರು ಹಾಕಲಿಲ್ಲ.”

“ಹಾಕಲಿಲ್ಲೋ, ಬರೀವಾಗ ನಿದ್ದಿ ಹತ್ತಿತ್ತೋ?”

ಸಿಟ್ಟು ಬಂತು. ಹುನಗುಂದ ದಾಟುವವರೆಗೆ ನಳದ ಬಗ್ಗೆ ವಾದ ಮಾಡಿದೆ. ಅಮೀನಗಡ ಬಂದಾಗ ಕಣ್ಣು ಮುಚ್ಚಿತು. ಗಂಗವ್ವ ತೊಡೆ ಚಿವುಟಿದಳು. “ಅಕ್ಕಾ, ಚಲೋ ಚಿವುಟು, ಮದುವಿ ಆದಾಗಿನಿಂದ ಬಾಕಿ ಐತಿ” ಎಂದ ಶೇಖಪ್ಪ. ಮುಂದಿನ ಸೀಟಿನಲ್ಲಿದ್ದ ವೈದ್ಯರೂ ನಕ್ಕರು. ಆ ನಗುವಿನ ಹಿಂದೆ ಎಲ್ಲರೂ ನನ್ನ ಮೂಗನ್ನೇ ನೋಡುತ್ತಿದ್ದುದು ನನಗೆ ಕಾಣುತ್ತಿತ್ತು.

ಬಾಗಲಕೋಟೆಯ ದವಾಖಾನೆಯ ಬೆಂಚು ನನಗೆ ಹೊಸದಲ್ಲ. ಅಪಘಾತ, ಕಾಲರಾ ಸುದ್ದಿಗೆ ಎಷ್ಟೋ ಸಲ ಅಲ್ಲಿ ಕಾದಿದ್ದೆ. ರೋಗಿಯಾಗಿ ಕೂತಾಗ ಅದೇ ಬೆಂಚು ಬೇರೆ. ಎದುರಿಗೆ ಕಂಬಳಿ ಹೊದ್ದ ಮುದುಕನೊಬ್ಬ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ಅವನ ಬಾಯಿ ತೆರೆದಿತ್ತು. ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಯಾರೂ ಅದನ್ನು ನಡೆಸುತ್ತಿರಲಿಲ್ಲ. ಮುದುಕನಿಗೇ ಅದರ ಸುದ್ದಿ ಇರಲಿಲ್ಲ. ಅಷ್ಟು ವರ್ಷ ಸಭೆ, ಮುಷ್ಕರ, ಸಾವು ಎಲ್ಲವನ್ನೂ ವರದಿ ಮಾಡಿದ ನನಗೆ, ನೋಡಲೇಬೇಕಾದದ್ದೊಂದನ್ನು ನೋಡದೆ ಬಿಟ್ಟಿದ್ದೇನೆ ಎನ್ನಿಸಿತು. ಕರೆ ಬರುವವರೆಗೆ ಅವನ ಎದೆಯ ಮೇಲಿನ ಕಂಬಳಿಯನ್ನೇ ನೋಡುತ್ತ ಕೂತೆ.

ಅಲ್ಲಿಯ ವೈದ್ಯರು ಎದೆ, ರಕ್ತ, ಮೂತ್ರ ಎಲ್ಲ ನೋಡಿ, ಏನೂ ಕಾಣದೆ, ಅರಿವಳಿಕೆ ಕೊಡುವ ವೈದ್ಯೆಯನ್ನು ಕರೆಸಿದರು. ಸಿಬ್ಬಂದಿಯೆಲ್ಲ ಅವರನ್ನು ಡಾಕ್ಟರಬಾಯಿ ಎನ್ನುತ್ತಿದ್ದರು. ಧಾರವಾಡದ ಕಡೆಯವರು, ಸಣ್ಣ ಮೈಕಟ್ಟು, ಮೆಲುಮಾತು. ಗುಳಿಗೆಯ ಅಮಲು ಇಳಿದ ಮೇಲೆ, ಮರುದಿನ ಹಗಲು, ಅವರು ಹೇಳಿದ್ದು ಒಂದೇ ಮಾತು: “ಈಗ ಮಕ್ಕೊಳ್ರಿ, ನಾ ನೋಡ್ತೇನಿ.”

ಹಿಂದೆ ಯಾವ ವೈದ್ಯರೂ ನಾನು ಮಲಗಿದ್ದನ್ನು ನೋಡಿರಲಿಲ್ಲ. ಎಲ್ಲರೂ ನನ್ನನ್ನು ಎಚ್ಚರದಲ್ಲಿ ನೋಡಿದ್ದರು. ಎಚ್ಚರದಲ್ಲಿ ನಾನು ಆರೋಗ್ಯವಂತನಾಗಿದ್ದೆ. ಡಾಕ್ಟರಬಾಯಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತರು. ನಾನು ನಿದ್ದೆ ಹೋದೆ. ಎದ್ದಾಗಲೂ ಅವರು ಅಲ್ಲೇ ಇದ್ದರು, ಗಂಗವ್ವನ ಜೊತೆ ಮಾತಾಡುತ್ತಿದ್ದರು.

“ದಿನಾ ಹಿಂಗ ನಿಲ್ತದೇನ್ರಿ? ಎಷ್ಟು ಹೊತ್ತು?”

“ಎಷ್ಟಂತ ಹೇಳ್ಲಿರಿ? ಒಂದು ಎಳಿ ಹರದ್ರ ಹುಡುಕಿ ಕಟ್ಟೂ ಅಷ್ಟು.”

“ನಾ ನೇಯೂದು ನೋಡಿಲ್ಲ. ಕಟ್ಟಿ ತೋರಸ್ತೀರೇನು?”

ಗಂಗವ್ವ ತನ್ನ ಸೀರೆಯ ಸೆರಗಿನ ಅಂಚಿನಿಂದ ಒಂದು ದಾರ ಎಳೆದು ಹರಿದಳು. ಹಾಸಿನ ನೂರಾರು ಎಳೆಗಳ ನಡುವೆ ಹುಡುಕುವ ಹಾಗೆ ಬೆರಳಾಡಿಸಿ, ತುದಿ ಹಿಡಿದು, ಹೊಸೆದು, ಗಂಟು ಹಾಕಿದಳು. ಡಾಕ್ಟರಬಾಯಿ ಕೈಗಡಿಯಾರ ನೋಡುತ್ತಿದ್ದರು. ಮುಖದಲ್ಲಿ ನಗು ಇರಲಿಲ್ಲ. “ನಿನ್ನೆ?” ಎಂದರು.

“ನಿನ್ನೆ ಅಷ್ಟರಾಗ ನಮ್ಮಪ್ಪ ಒಂದು ಹೊಸಾ ಕಂಡಕಿ ಹಾಕಿ ನೇಯಾಕ ಹತ್ತತಿದ್ದಾ.”

ಪುಸ್ತಕದಲ್ಲಿ ಓದಿದ್ದೆ, ಕಣ್ಣಿನಿಂದ ನೋಡಿರಲಿಲ್ಲ ಎಂದರು ಅವರು. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು. “ಎಚ್ಚರ ಇದ್ದಾಗ ಗಂಟಲಿನ ಸ್ನಾಯು ಗಾಳಿ ದಾರಿ ತೆಗೆದು ಹಿಡದಿರ್ತಾವ. ನಿದ್ದ್ಯಾಗ ಎಲ್ಲಾರವೂ ಸಡಲ ಆಗ್ತಾವ, ನಿಮ್ಮವು ಪೂರಾ ಕುಸದು ದಾರಿ ಮುಚ್ಚತಾವ. ಅಂಗಾತ ಮಕ್ಕೊಂಡ್ರ ಇನ್ನೂ ಹೆಚ್ಚು. ಆಗ ತಲಿಯೊಳಗ ಒಬ್ಬ ಕಾವಲುಗಾರ ಎದ್ದು ನಿಮ್ಮನ್ನ ಎಬ್ಬಸ್ತಾನ. ಒಂದು ಉಸಿರು ತೊಗೊಂಡು ಮತ್ತ ಮಕ್ಕೋತೀರಿ. ನಿದ್ದಿ ಅನ್ನೂದು ನಿಮಗ ಆಗೇ ಇಲ್ಲ, ಅದಕ್ಕ ಹಗಲು ತೂಕಡಕಿ. ಆ ಗುಳಿಗಿ ಬೆನ್ನಿಗಂತ ಕೊಟ್ಟದ್ದು ಖರೆ, ಆದ್ರ ಬೆನ್ನು ಯಾವುದು ಗಂಟಲು ಯಾವುದು ಅಂತ ಅದಕ್ಕ ಗೊತ್ತಿರೂದಿಲ್ಲ. ಎರಡೂ ಸಡಲ ಮಾಡ್ತು. ಮ್ಯಾಲ ಆ ಕಾವಲುಗಾರಗೂ ಜೋಂಪು ಹತ್ತಿಸ್ತು.”

ಎರಡು ದಿನಗಳ ಹಿಂದೆ ಎರೆಮಣ್ಣಿನಲ್ಲಿ ಜೀಪು ನೂಕಿದ ನನ್ನ ದೇಹದಲ್ಲಿ, ನನ್ನ ಅಪ್ಪಣೆಯಿಲ್ಲದೆ, ವರ್ಷಗಳಿಂದ ಒಬ್ಬ ಕಾವಲು ಕಾಯುತ್ತಿದ್ದನೆಂಬುದು ನನಗೆ ಆಗ ತಿಳಿಯಿತು. ಹೊರಗಿನಿಂದ ಇನ್ನೊಬ್ಬಳು ಕಾಯುತ್ತಿದ್ದಳು. ಇಬ್ಬರನ್ನೂ ಒಂದೇ ಮಧ್ಯಾಹ್ನ ಸುಮ್ಮನಾಗಿಸಲಾಗಿತ್ತು.

ಚಿಕಿತ್ಸೆ ಎಂದರೆ ಆಗ ಹೆಚ್ಚೇನಿರಲಿಲ್ಲ. ದೊಡ್ಡ ಊರುಗಳಲ್ಲಿ ಕುತ್ತಿಗೆಗೆ ತೂತು ಕೊರೆದು ನಳಿಕೆ ಇಡುತ್ತಾರೆ, ಅದು ಕೊನೆಯ ದಾರಿ ಎಂದರು ಡಾಕ್ಟರಬಾಯಿ. ಮೈ ಇಳಿಸಬೇಕು. ನಿದ್ದೆ ಗುಳಿಗೆ, ಸಡಿಲ ಮಾಡುವ ಗುಳಿಗೆ, ಸಾರಾಯಿ ಯಾವುದೂ ಕೂಡದು. ಯಾವತ್ತೂ ಮಗ್ಗುಲಾಗಿಯೇ ಮಲಗಬೇಕು, ಅಂಗಾತ ಹೊರಳದಂತೆ ಬೆನ್ನಿಗೆ ಏನಾದರೂ ಗಟ್ಟಿಯಾದದ್ದು ಕಟ್ಟಿಕೊಳ್ಳಬೇಕು.

ಅತ್ತೆ ಬನಿಯನ್ನಿನ ಬೆನ್ನಿಗೆ ಚೀಲ ಹೊಲಿದು ಅದರಲ್ಲಿ ಒಂದು ಹಳೆಯ ಲಾಳಿ ಇಟ್ಟರು. ಅಂಗಾತ ಹೊರಳಿದರೆ ಅದು ಬೆನ್ನುಮೂಳೆಗೆ ಒತ್ತುತ್ತಿತ್ತು, ನಿದ್ದೆಯಲ್ಲೇ ಮಗ್ಗುಲಾಗುತ್ತಿದ್ದೆ. “ಕೈಯಾಗ ಲಾಳಿ ಹಿಡಿಯಾಕ ಬರಲಿಲ್ಲ, ಬೆನ್ನಿಗರ ಕಟಗೊಂಡ್ರು” ಎಂದು ಶೇಖಪ್ಪ ಇಳಕಲ್ಲಿನಲ್ಲೆಲ್ಲ ಹೇಳಿಕೊಂಡು ಬಂದ. ರಾತ್ರಿಯ ಜೋಳದ ರೊಟ್ಟಿ ಕಡಿಮೆ ಮಾಡಿದೆ. ಮೈ ಇಳಿಯಿತು. ಒಂದು ದಿನ ಕುಳಗೇರಿ ಕ್ರಾಸ್‌ನಲ್ಲಿ ಕಂಡಕ್ಟರ್ ಎಬ್ಬಿಸಲು ಬಂದಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. “ಏನ್ರೀ, ಆರಾಮಿಲ್ಲೇನು?” ಎಂದ.

ಕಾಯಿಲೆ ಹೋಗಿರಲಿಲ್ಲ, ಹತೋಟಿಗೆ ಬಂದಿತ್ತು. ನಮ್ಮ ಮನೆಯಲ್ಲಿ ಗೊರಕೆ ನಗೆಯ ವಸ್ತುವಾಗಿತ್ತು. ಇದನ್ನು ಓದುವವರ ಮನೆಯಲ್ಲೂ ಹಾಗೇ ಇರಬಹುದು. ಗೊರಕೆ ನಡುನಡುವೆ ನಿಲ್ಲುತ್ತದೆ ಎಂದು ಪಕ್ಕದಲ್ಲಿ ಮಲಗಿದವರು ಹೇಳಿದರೆ, ಯಾವ ನೋವಿಗೆ ಯಾವ ಗುಳಿಗೆ ತೆಗೆದುಕೊಳ್ಳುವ ಮುಂಚೆಯೂ ಆ ಮಾತನ್ನು ವೈದ್ಯರ ಕಿವಿಗೆ ಹಾಕಬೇಕು. ನನಗೆ ಯಾರೂ ಹೇಳಿರದ ಮಾತು ಇದೊಂದೇ.

ಕೆಲವು ವರ್ಷಗಳ ಮೇಲೆ ಪಿತ್ತಕೋಶದಲ್ಲಿ ಕಲ್ಲಾಯಿತು. ಹೊಟ್ಟೆ ಕೊಯ್ಯದೆ ಬೇರೆ ದಾರಿ ಇಲ್ಲವೆಂದರು. ಅರಿವಳಿಕೆ ಕೊಡಬೇಕಾದವರು ಅದೇ ಡಾಕ್ಟರಬಾಯಿ. ಅವರು ಏನನ್ನೂ ಮುಚ್ಚಿಡಲಿಲ್ಲ. ಹೊಟ್ಟೆಯ ಸ್ನಾಯು ಸಡಿಲವಾಗದೆ ಶಸ್ತ್ರಚಿಕಿತ್ಸೆ ಆಗುವುದಿಲ್ಲ. ಅದಕ್ಕೆ ಕೊಡುವ ಮದ್ದು ಆ ಗುಳಿಗೆಯ ಜಾತಿಯದಲ್ಲ, ಅದಕ್ಕಿಂತ ಬಹಳ ಬಲವಾದದ್ದು. ಗಂಟಲು, ಎದೆ, ಎಲ್ಲ ನಿಲ್ಲುತ್ತದೆ.

“ಉಸಿರು?” ಎಂದೆ.

“ನಿಲ್ತದ. ನಾ ನಿಮ್ಮ ಗಂಟಲಿನ್ಯಾಗ ನಳಗಿ ಇಟ್ಟು, ರಬ್ಬರ್ ಚೀಲ ಒತ್ತಿ ಉಸಿರು ಕೊಡ್ತೇನಿ. ಒತ್ತಿದಷ್ಟೂ ನೀವು ಉಸಿರಾಡ್ತೀರಿ. ಹೆದರಿಕಿ ಇರೂದು ಅಲ್ಲಿ ಅಲ್ಲ. ಆಮೇಲೆ, ಮದ್ದು ಇಳಿದು ನಳಗಿ ತೆಗೆದ ಮ್ಯಾಲ. ಆಗ ನಿಮ್ಮ ಗಂಟಲು ನಿಮ್ಮದು.”

ಜೊತೆಗೆ ಬಂದಿದ್ದ ಗಂಗವ್ವ ಕೇಳಿದಳು, “ಆಗ ನಾ ಇವರ ಹಂತೇಕ ಇರಬಹುದೇನ್ರಿ?”

“ಇರಲೇಬೇಕು” ಎಂದರು ಡಾಕ್ಟರಬಾಯಿ.

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ನಾನು ಕೊನೆಗೆ ಕಂಡದ್ದು ಕಪ್ಪು ರಬ್ಬರಿನ ಆ ಚೀಲ. ಅವರ ಸಣ್ಣ ಕೈ ಅದರ ಮೇಲಿತ್ತು. ಆಮೇಲೆ ನಾನಿರಲಿಲ್ಲ. ಒಂದು ಬೆಳಗಿನ ಬಹುಪಾಲು ನನ್ನ ಉಸಿರು ಇನ್ನೊಬ್ಬರ ಅಂಗೈಯಲ್ಲಿತ್ತು. ಅದನ್ನು ಯೋಚಿಸಿದಾಗ ಬರಹಗಾರನಿಗೆ ಸಿಗಬೇಕಾದ ಮಾತು ನನಗೆ ಇಂದಿಗೂ ಸಿಕ್ಕಿಲ್ಲ. ಬೆರಳು ಮುಚ್ಚಿದಾಗ ನಾನಿದ್ದೆ, ತೆರೆದಾಗ ಮತ್ತೆ ಕಾಯುತ್ತಿದ್ದೆ.

ಮದ್ದು ಇಳಿಯುವಾಗ ದೂರದಿಂದ, “ತಲಿ ಎತ್ರಿ, ಎತ್ತಿ ಹಿಡೀರಿ, ಇನ್ನೂ, ಇನ್ನೂ” ಎಂಬ ದನಿ. ಎತ್ತಿ ಹಿಡಿದೆನಂತೆ. ಹಿಡಿಯುವವರೆಗೆ ಅವರು ನಳಿಕೆ ತೆಗೆಯಲಿಲ್ಲ. ವಾರ್ಡಿನಲ್ಲಿ ಬೆನ್ನಿಗೆ ದಿಂಬು ಕೊಟ್ಟು, ತಲೆ ಎತ್ತರಿಸಿ, ಮಗ್ಗುಲಾಗಿ ಮಲಗಿಸಿದರು. ಗಂಗವ್ವ ಮುಖದ ಹತ್ತಿರ ಕೂತಳು, ಡಾಕ್ಟರಬಾಯಿ ಪಕ್ಕದಲ್ಲೇ ನಿಂತರು. ಇಬ್ಬರೂ ನನ್ನ ಉಸಿರು ಕೇಳುತ್ತಿದ್ದರು. ಹೋಗುತ್ತಿತ್ತು, ಬರುತ್ತಿತ್ತು, ಆಮೇಲೆ ನಿಂತಿತು.

“ಯಾಕ್ರಿ?”

ಅಲ್ಲಿದ್ದ ನರ್ಸ್, “ಪೇಷಂಟ್ ಮಕ್ಕೊಳ್ಳಲಿ, ಸದ್ದು ಮಾಡಬ್ಯಾಡ್ರಿ” ಎಂದಳು. ಡಾಕ್ಟರಬಾಯಿ, “ಆಕಿ ಮಾಡಲಿ, ನೀ ಸುಮ್ಮನಿರು” ಎಂದರು.

“ಯಾಕ್ರಿ?”

ಮುಚ್ಚಿದ ಕಣ್ಣಿನಲ್ಲೇ ನಾನು ಒಂದು ಉದ್ದನೆಯ ಉಸಿರು ಎಳೆದುಕೊಂಡೆನಂತೆ. ಆಮೇಲೆ ನಳಿಕೆ ಉಜ್ಜಿ ಒರಟಾದ ಗಂಟಲಿನಿಂದ, ಜನ್ಮದಲ್ಲಿ ಮಗ್ಗ ಮುಟ್ಟದ ನಾನು, “ಎಳಿ ಹರೀತು” ಎಂದೆನಂತೆ.

“ಹಂಗಾರ ಕಟ್ಟಿ ಮುಂದ ನಡಸ್ರಿ” ಎಂದಳಂತೆ ಗಂಗವ್ವ.

ನನಗೆ ಇದರ ನೆನಪಿಲ್ಲ. ಗಂಗವ್ವನನ್ನು ಕೇಳಿದ್ದೇನೆ. ಡಾಕ್ಟರಬಾಯಿಯವರನ್ನು ಬೇರೆಯಾಗಿ ಕೇಳಿದ್ದೇನೆ. ಇಬ್ಬರ ಹೇಳಿಕೆಯೂ ಹೊಂದುತ್ತದೆ.